ನೂರಕ್ಕೆ ನಲವತ್ತು

ಡೂರಿ ದಾಟಿ ಡುಮಾಯ್ ಬಂದರಿಗೆ ಹೋಗುವ ದಾರಿಯ ಎಡಕ್ಕೆ
ತಗಡಿನ ಸೂರು, ನಾಲ್ಕು ಸವೆದ ಟೈರು, ಒಂದು ಕಂಪ್ರೆಸರ್.
ಬೋರ್ಡಿಲ್ಲ.
‘ತಿಉರ್ಮಾ ಹತ್ತಿರ ನಿಲ್ಲಿಸು’ ಅಂತಾರೆ ಲಾರಿಯವರು, ಅಷ್ಟು ಸಾಕು.

ಹಿಂದೆ ನನ್ನ ಎರಡು ಹೆಕ್ಟೇರು ತಾಳೆತೋಟ.
ಹದಿನೈದು ದಿನಕ್ಕೊಮ್ಮೆ ಗೊನೆ ಹೋಗುತ್ತದೆ ಗಿರಣಿಗೆ,
ಕೆಂಪಗೆ, ಮುಳ್ಳು ಮುಳ್ಳಾಗಿ.
ಗೊನೆಯಿಂದ ಎಣ್ಣೆ, ಎಣ್ಣೆಯಿಂದ ಇನ್ನೇನೋ,
ಕೊನೆಗೆ ಬಂಕಿನ ಪೈಪಿನಿಂದ ಲಾರಿಯ ಹೊಟ್ಟೆಗೆ:
ನೂರಕ್ಕೆ ನಲವತ್ತು ಮರದ್ದು,
ಅರವತ್ತು ನೆಲದಡಿಯದ್ದು.
ಗೊನೆ ಹೊತ್ತ ಲಾರಿ ಗೊನೆಯನ್ನೇ ಕುಡಿದು ಓಡುತ್ತದೆ,
ಆಮೇಲೆ ಕೆಮ್ಮುತ್ತ ನನ್ನ ಬಾಗಿಲಿಗೇ ಬರುತ್ತದೆ.
ಬೆಳೆದವಳೂ ನಾನೇ, ಬಸಿಯುವವಳೂ ನಾನೇ.

‘ಏರಿನಲ್ಲಿ ಉಸಿರೇ ಇಲ್ಲ ಅಕ್ಕಾ,
ಫಿಲ್ಟರು ತಿಂಗಳಿಗೊಂದು ತಿನ್ನುತ್ತೆ’ ಎಂದು ಬೈಯುತ್ತಾರೆ.
ಹೊಗೆ ಕಮ್ಮಿಯಾದದ್ದನ್ನು ಯಾರೂ ಹೇಳುವುದಿಲ್ಲ.
ರಸ್ತೆಬದಿಗೆ ಬಟ್ಟೆ ಹರವುವ ನನಗೆ ಗೊತ್ತು.

ನಾನು ಹೇಳುವುದು ಇಷ್ಟೇ:
ಇದಕ್ಕೆ ನೀರಿನ ಚಪಲ.
ರಾತ್ರಿ ಟ್ಯಾಂಕು ಅರೆಖಾಲಿ ಬಿಡಬೇಡಿ,
ಸೆಕೆಯ ಗಾಳಿಯಿಂದಲೂ ಹೀರಿಕೊಂಡೀತು,
ನೀರಿದ್ದಲ್ಲಿ ಲೋಳೆ ಹುಟ್ಟೀತು.
ಇನ್ನೊಂದು, ಇದಕ್ಕೆ ತೊಳೆಯುವ ಚಟ.
ಹೊಸ ಸೊಸೆ ಅಟ್ಟ ಗುಡಿಸಿದ ಹಾಗೆ
ಯಾವ ಕಾಲದ್ದೋ ಕೆಡವಿ ಅಂಗಳದಲ್ಲಿ ಸುರಿಯುತ್ತದೆ.

ಮೊನ್ನೆ ಒಂದು ಹಳದಿ ಲಾರಿ ಬಂತು.
ಹಿಂದೆ ಮಾಸಿದ ಅಕ್ಷರ:
‘ನಿಧಾನ. ಮಾವ ಇನ್ನೂ ಒಪ್ಪಿಲ್ಲ.’
ಅದರ ಕೆಳಗೆ ಬೆಕ್ಕಿನಂಥ ಹುಲಿ.
ಬರೆಸಿದವನು ನನ್ನ ಗಂಡ ತುಂಪಾಲ್.
ನಾಲ್ಕು ವರ್ಷದ ಹಿಂದೆ ಮಾರಿದ ನಮ್ಮದೇ ಲಾರಿ.
ಈಗ ಓಡಿಸುವವನು ಸೊಖಿ,
ನಿಯಾಸ್ ದ್ವೀಪದ ಹುಡುಗ, ಮೀಸೆ ಸರಿಯಾಗಿ ಬಂದಿಲ್ಲ.
‘ಮೂರನೇ ಫಿಲ್ಟರು’ ಎಂದ, ಅಳುವವನ ಹಾಗೆ.
ಬಿಚ್ಚಿದೆ. ಕಾಫಿಯ ಗಸಿ.
ಟ್ಯಾಂಕು ಇಳಿಸು ಎಂದೆ.

ಪಟ್ಟಿಗೆ ಸುತ್ತಿದ್ದ ತಂತಿ ನಾನೇ ಸುತ್ತಿದ್ದು,
ನನ್ನ ಇಕ್ಕುಳಕ್ಕೆ ಅದು ಕೂಡಲೇ ಸಡಿಲವಾಯಿತು.
ಬೋರಲು ಹಾಕಿದರೆ
ಜೊಂಡಿನಂಥ ಲೋಳೆ, ತುಕ್ಕಿನ ಚಕ್ಕೆ,
ಹತ್ತೊಂಬತ್ತು ವರ್ಷ ಗೋಡೆಗಂಟಿದ್ದ ಮಡ್ಡಿ,
ಅದರೊಳಗಿಂದ ನಿಧಾನವಾಗಿ
ಒಂದೂವರೆ ಮಾರು
ಹಸಿರು ರಬ್ಬರ್ ಪೈಪು.

ಉಬ್ಬಿತ್ತು, ಬೆಂದ ಕರುಳಿನಂತೆ ಮೆತ್ತಗಾಗಿತ್ತು.
ತುದಿಯಲ್ಲಿ ನಾನು ಬಿಗಿದ ತಾಮ್ರದ ಸುರುಳಿ ಹಾಗೇ ಇತ್ತು.
ನನ್ನ ಅಡುಗೆಮನೆಯ ನಲ್ಲಿಯ ಪೈಪು.
ಪಕ್ಕದ ಲಸ್ಮಾ ಕದ್ದಳೆಂದು
ಐದು ವರ್ಷ ಮಾತು ಬಿಟ್ಟಿದ್ದೆ,
ಚರ್ಚಿನಲ್ಲೂ ಬೇರೆ ಬೆಂಚು.

ಈ ರಸ್ತೆಯಲ್ಲಿ ಅದಕ್ಕೊಂದು ಮಾತಿದೆ: ‘ಲಾರಿ ಉಚ್ಚೆ ಹೊಯ್ಯಿತು.’
ಕತ್ತಲಲ್ಲಿ ನಿಲ್ಲಿಸುವುದು, ಪೈಪು ಇಳಿಬಿಡುವುದು,
ಬಾಯಲ್ಲೆಳೆದು, ಉಗುಳಿ, ಎರಡು ಕ್ಯಾನು ಮಾರುವುದು.
ಮಾಲೀಕನ ಲಾರಿಯಿಂದ ಕದಿಯುವವರನ್ನು ಕಂಡಿದ್ದೆ.
ಇವನು ತನ್ನದರಿಂದಲೇ ಕದ್ದ,
ಲೆಕ್ಕ ಬರೆಯುವವಳು ನಾನಾಗಿದ್ದೆನಲ್ಲ.
‘ಏರು ಜಾಸ್ತಿ, ಲಾರಿ ಬಹಳ ಕುಡಿಯುತ್ತೆ’ ಎನ್ನುತ್ತಿದ್ದ.
ಬಹಳ ಕುಡಿಯುತ್ತದೆಂದೇ
ನಾವು ಅದನ್ನು ಮಾರಿದ್ದು.

ಕುಡಿದದ್ದು ಯಾರು ಎಂಬುದು
ಹೆಂಡದಂಗಡಿಯವನಿಗೆ ಗೊತ್ತಿದ್ದೀತು.

ಸೊಖಿಯ ಹತ್ತಿರ ಅರ್ಧವೇ ತೆಗೆದುಕೊಂಡೆ.
‘ಯಾಕಕ್ಕಾ?’
‘ಅರ್ಧ ಮಡ್ಡಿ ನಮ್ಮದು.’
ಅವನಿಗೆ ತಿಳಿಯಲಿಲ್ಲ. ಇನ್ನೆರಡು ಫಿಲ್ಟರು ಹೋಗುತ್ತೆ,
ಆಮೇಲೆ ತಿಳಿಯಾಗುತ್ತೆ ಎಂದು ಕಳಿಸಿದೆ.
ಏರು ಹತ್ತುವಾಗ ಸದ್ದು ಸ್ವಲ್ಪ ಹಗುರಾಗಿತ್ತು,
ಅಥವಾ ನನ್ನ ಕಿವಿಗೆ ಹಾಗನ್ನಿಸಿತು.

ರಾತ್ರಿ ಪೈಪನ್ನು ನಲ್ಲಿಯ ಮೇಲಿನ ಮೊಳೆಗೆ ನೇತುಹಾಕಿ
ಅನ್ನ ಬಡಿಸಿದೆ.
ತುಂಪಾಲ್ ಕೂತ. ನೋಡಿದ.
ಮೀನಿನ ಮುಳ್ಳನ್ನು ಬಹಳ ಹೊತ್ತು ಬಿಡಿಸಿದ.
ನಾನೂ ಏನೂ ಕೇಳಲಿಲ್ಲ.
ಡೀಸೆಲ್ಲಿನ ವಾಸನೆ ಇಬ್ಬರ ನಡುವೆ
ಮೂರನೆಯವರ ಹಾಗೆ ಕೂತು ಉಂಡಿತು.

ಬೆಳಿಗ್ಗೆ ಬಾಳೆಹಣ್ಣು ಕರಿದು
ತಟ್ಟೆಗೆ ಎಲೆ ಮುಚ್ಚಿ ಲಸ್ಮಾಳ ಬಾಗಿಲಿಗೆ ಹೋದೆ.
ಅವಳು ತಟ್ಟೆ ನೋಡಿದಳು, ನನ್ನನ್ನು ನೋಡಿದಳು.
‘ಏನು, ಇಷ್ಟು ವರ್ಷದ ಮೇಲೆ?’

‘ಎಣ್ಣೆ ಬದಲಾಯ್ತು’ ಎಂದೆ.